ಕೇಳುವವಳಿಗೂ ಗಾಯವಾಗುತ್ತದೆ

ಸಾಲಗುಂದದ ಗದ್ದೆಯಲ್ಲಿ ಇನ್ನೂ ನಸುಕು. ಸೀರೆ ಎತ್ತಿ ಕಟ್ಟಿದ ಹೆಂಗಸರ ನಡುವೆ ಚೂಡಿದಾರದ ಹುಡುಗಿಯೊಬ್ಬಳು ಬಗ್ಗಿ ಭತ್ತದ ಸಸಿ ನಾಟಿ ಮಾಡುತ್ತಿದ್ದಾಳೆ. ಅವಳ ಸಾಲು ಪೂರಾ ಡೊಂಕು. “ಏ ಮೇಡಂ, ಹಾವು ಹರದಂಗ ಹಚ್ಚೀರಲ್ಲ!” ಎಂದು ಪಕ್ಕದ ಪೀರಮ್ಮ ಕಿಸಕ್ಕನೆ ನಗುತ್ತಾಳೆ. ಮೇಡಂ ಹೆಸರು ಕಹಕಶಾ, ಊರು ಮಸ್ಕಿ, ಕೆಲಸ ಸಂಶೋಧನೆ. ಪಿಎಚ್‌.ಡಿ. ಮಾಡುವವರೆಲ್ಲ ಫ್ಯಾನಿನ ಕೆಳಗೆ ಕೂತಿರುತ್ತಾರೆ ಅಂದುಕೊಂಡವರು ಒಮ್ಮೆ ಇವಳ ಕಾಲಿನ ಕೆಸರು ನೋಡಬೇಕು.

ಚೆನ್ನಾಗಿ ಆಡುತ್ತಿದ್ದ ಹುಡುಗಿಯರು ಇದ್ದಕ್ಕಿದ್ದಂತೆ ಮೈದಾನ ಬಿಡುವುದೇಕೆ ಎಂಬುದು ಅವಳ ಪ್ರಶ್ನೆ. ಊರವರು ಮದುವೆ, ಮನೆಗೆಲಸ ಎನ್ನುತ್ತಾರೆ. ಅದರ ಹಿಂದೆ ಕೆಲವು ತರಬೇತುದಾರರ ಬೆದರಿಕೆಯೂ ಸಲ್ಲದ ಕೈಯೂ ಇರುತ್ತದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಜಿಲ್ಲೆಯ ಪರವಾಗಿ ಖೋ ಖೋ ಆಡಿದ್ದ ಸಾಲಗುಂದದ ಅಂಜಲಿಯನ್ನು ಕಹಕಶಾ ಮೊದಲು ಮನೆಯಲ್ಲಿ ಕುರ್ಚಿ ಹಾಕಿ, ಎದುರು ಕೂತು ಕೇಳಿದ್ದಳು. ಎಂಥ ಪೆದ್ದು ಕೆಲಸ! ಪಕ್ಕದಲ್ಲೇ ತಾಯಿ, ಬಾಗಿಲಲ್ಲಿ ಓಣಿಯವರು. “ಏನೂ ಇಲ್ರೀ ಮೇಡಂ, ಆಟ ಸಾಕನಿಸ್ತು” ಎಂದು ಅಂಜಲಿ ಎದ್ದು ಹೋದಳು.

ಇನ್ನೊಮ್ಮೆ ಅವಳನ್ನು ಹುಡುಕಿಕೊಂಡು ಗದ್ದೆಗೇ ಇಳಿದಾಗ ಗುಟ್ಟು ಗೊತ್ತಾಯಿತು. ನಾಟಿ ಮಾಡುವಾಗ ಎಲ್ಲರ ತಲೆಯೂ ಕೆಳಗೆ, ಹೆಜ್ಜೆ ಹಿಂದಕ್ಕೆ. ಯಾರ ಮುಖವೂ ಯಾರಿಗೂ ಕಾಣುವುದಿಲ್ಲ. ಉಳಿದವರು ಮುಂದಿನ ಮಡಿಯಲ್ಲಿದ್ದಾಗ ಅಂಜಲಿ ಕೆಸರು ನೋಡುತ್ತಲೇ ಎಲ್ಲ ಹೇಳಿದಳು. ಕಹಕಶಾ ಕಣ್ಣೀರು ಒರೆಸಿಕೊಳ್ಳಲೂ ಕೈ ಎತ್ತಲಿಲ್ಲ.

ಆಮೇಲೆ ಒಬ್ಬೊಬ್ಬರಾಗಿ ಬೇರೆ ಹುಡುಗಿಯರೂ ಹೇಳತೊಡಗಿದರು. ಕೇಳಿದ್ದನ್ನು ಯಾರಿಗೂ ಹೇಳೆನೆಂದು ಮಾತು ಕೊಟ್ಟಾಗಿದೆ. ಊಟಕ್ಕೆ ಕೂತರೆ ಎರಡು ತುತ್ತಿಗೇ ಎದ್ದುಬಿಡುವಳು. ಸಿಂಧನೂರಿನ ಬಸ್ಸಿನಲ್ಲಿ ಕಂಡಕ್ಟರ್ ಸೀಟಿ ಊದಿದರೂ ತರಬೇತುದಾರನ ಸೀಟಿಯೆನಿಸಿ ಬೆಚ್ಚಿಬೀಳುವಳು. “ನನಗೇನೂ ಆಗಿಲ್ರೀ, ಆದ್ರೂ ನನಗs ಆಗ್ಯದ ಅನ್ಸಾಕತ್ತಿತ್ತು. ಎಲ್ಲಾ ಬಿಟ್ಟು ಮನ್ಯಾಗ ಕುಂದ್ರೋಣ ಅಂತ ಮಾಡಿದ್ದೆ” ಎನ್ನುತ್ತಾಳೆ. ಅವಳು ಬಿಟ್ಟಿದ್ದರೆ ಆ ಹುಡುಗಿಯರ ಮಾತೂ ಅಲ್ಲಿಗೇ ಮಣ್ಣುಪಾಲಾಗುತ್ತಿತ್ತು.

ತಾಯಿ ಬಿಬಿಜಾನ್ ಒಂದು ಸಂಜೆ ಮಗಳನ್ನು ಹೊಸ್ತಿಲಲ್ಲೇ ತಡೆದರು. “ಸಾವಿನ ಮನಿಗೆ ಹೋಗಿ ಬಂದಂಗ ದಿನಾ ಬರಾಕತ್ತಿ ಬೇಟಿ. ಕಾಲು ತೊಳ್ಕೊಂಡು ಒಳಗ ಬಾ. ಯಾರು, ಏನು ಅಂತ ನಾ ಕೇಳಂಗಿಲ್ಲ” ಎಂದು ತಾವೇ ನೀರು ಹಾಕಿದರು. ಕಹಕಶಾ ಅಲ್ಲೇ ಕೂತು ಗೊಳೋ ಎಂದು ಅತ್ತಳು. ಸಾವಿನ ಮನೆಗೆ ಹೋದವರಿಗೂ ಒಂದು ರೂಢಿ ಇದೆ, ಇಂಥ ಸಂಕಟ ಕೇಳಿ ಬಂದವರಿಗೆ ಮಾತ್ರ ಏನೂ ಇಲ್ಲವಲ್ಲ ಎಂದು ಆಗ ಹೊಳೆಯಿತು.

ಲಿಂಗಸುಗೂರಿನ ವಿಚಾರ ಸಂಕಿರಣದಲ್ಲಿ ಅದನ್ನೇ ಎತ್ತಿದಳು. ಸಂಶೋಧಕರು ಭಾವುಕರಾಗಬಾರದೆಂದು ಹಿರಿಯರೊಬ್ಬರು ಗದರಿಸಿದರು. ಇವಳೇನು ಬಿಟ್ಟಾಳೆ? “ಸರ್, ಆಡೋರ ಮೊಣಕಾಲು ಕೆತ್ತಿದ್ರ ಮುಲಾಮು ಹಚ್ತೀರಿ. ಕೇಳೋರಿಗೆ ಏನಿಟ್ಟೀರಿ?” ಎಂದಳು. ಮಾರ್ಗದರ್ಶಕಿ ದುರ್ಗಾದೇವಿ ಎದ್ದು ನಿಂತರು: “ನಾನೂ ಇಷ್ಟು ವರ್ಷ ನುಂಗ್ಕೊಂಡೇ ಬಂದೀನಿ. ಸಾಕಿನ್ನ.”

ಈಗ ಅವರ ವಿಭಾಗದಲ್ಲಿ ಹೊಸ ಸಂಶೋಧಕರು ಇಬ್ಬಿಬ್ಬರಾಗಿ ಹೋಗುತ್ತಾರೆ. ಭಾರವಾದದ್ದು ಕೇಳಿ ಬಂದ ಮರುದಿನ ಕಡ್ಡಾಯ ವಿಶ್ರಾಂತಿ. ಹೆಸರು ಹೇಳದೆ ಮನಸ್ಸು ಹಗುರ ಮಾಡಿಕೊಳ್ಳಲು ಸಿಂಧನೂರಿನಲ್ಲಿ ಆಪ್ತಸಮಾಲೋಚಕಿ ಇದ್ದಾರೆ. ಸಂಶೋಧನೆ ಅರ್ಧಕ್ಕೆ ಬಿಟ್ಟು ಹೋಗಿದ್ದವರೂ ಮರಳಿದ್ದಾರೆ. ಕಹಕಶಾ ಊಟ ಮಾಡುತ್ತಾಳೆ, ಹೊಟ್ಟೆ ತುಂಬ.

ಅಂಜಲಿಯೂ ಸುಮ್ಮನೆ ಕೂರಲಿಲ್ಲ. “ಅಕ್ಕಾ, ಹೆಸರು ಮುಚ್ಚೋದು ನಿಮ್ಮ ಪುಸ್ತಕದಾಗ ಇರ್ಲಿ. ದೂರಿನ್ಯಾಗ ನನ್ನ ಹೆಸರು ನಾನೇ ಬರೀತೀನಿ” ಎಂದು ಗೆಳತಿಯರನ್ನು ಕಟ್ಟಿಕೊಂಡು ಹೋಗಿ ದೂರು ಕೊಟ್ಟಳು. ವಿಚಾರಣೆಯಾಗಿ ತರಬೇತುದಾರನನ್ನು ತೆಗೆದುಹಾಕಲಾಗಿದೆ, ಅವಳು ತಂಡಕ್ಕೆ ಮರಳಿದ್ದಾಳೆ.

ಯಾರನ್ನೂ ಏನೂ ಕೇಳದೆ ಒಂದೇ ಒಂದು ಪಂದ್ಯ ನೋಡಬೇಕೆಂಬುದು ಕಹಕಶಾಳ ಆಸೆಯಾಗಿತ್ತು. ಕಳೆದ ಭಾನುವಾರ ಸಿಂಧನೂರಿನಲ್ಲಿ ಅದೂ ಕೈಗೂಡಿತು. ಮರುದಿನ ಈ ಬರಹಕ್ಕಾಗಿ ಅವಳಿಗೆ ಫೋನ್ ಮಾಡಿದರೆ ಅತ್ತಲಿಂದ ಬರೀ ಗೊಗ್ಗರು ದನಿ.

“ಗಂಟಲು ಬಿದ್ದದ್ರೀ! ಇಷ್ಟು ದಿನ ಬರೀ ಕೇಳೀನಿ. ನಿನ್ನಿ ಅಂಜಲಿ ಓಡೋದು ನೋಡಿ ಒದರೇ ಒದರೀನಿ!”