ಬ್ರೈಲ್ ಯಂತ್ರದ ಸುಂಕ

ನಾನು ಗೋಕಾಕದ ಅಂಚೆ ಕಚೇರಿಯಲ್ಲಿದ್ದಾಗ ನಾಗನೂರಿನಿಂದ ಕಣ್ಣು ಕಾಣದ ಶಿಕ್ಷಕಿಯೊಬ್ಬರು ಬರುತ್ತಿದ್ದರು. ಯಾವ ಕಾಗದ ಬಂದರೂ ನನ್ನತ್ತ ಚಾಚಿ, "ಪೂರ್ತಿ ಓದ್ರಿ" ಎನ್ನುತ್ತಿದ್ದರು.

ಒಮ್ಮೆ ತಮ್ಮಂಥ ಮಕ್ಕಳಿಗೆ ಕಲಿಸಲು ಅವರು ವಿದೇಶದಿಂದ ಬ್ರೈಲ್ ಅಕ್ಷರ ಒತ್ತುವ ಯಂತ್ರ ತರಿಸಿದರು. ಜೊತೆಗಿದ್ದ ಚೀಟಿಯನ್ನು ಓದಿದೆ. ಯಾರೋ ಅದನ್ನು ಸಾದಾ ಟೈಪ್‌ರೈಟರ್ ಎಂದು ಬರೆದು ಆಮದು ಸುಂಕ ಹಾಕಿದ್ದರು.

"ಸುಂಕ ಕಟ್ಟಿ ಒಯ್ದುಬಿಡ್ರಿ ಅಕ್ಕೋರ," ಎಂದೆ.

"ಕಣ್ಣಿಲ್ಲದವರ ಯಂತ್ರಕ್ಕ ಸುಂಕ ಮಾಫಿ ಐತ್ರಿ. ನಾ ಇವತ್ತ ಕಟ್ಟಿದ್ರ ಮುಂದ ತರಸೋರೆಲ್ಲಾ ಕಟ್ಟಬೇಕಾಗತೈತಿ. ಅರ್ಜಿ ಹೇಳ್ತೀನಿ, ಬರಕೋರಿ."

ಅವರು ಹೇಳಿದಂತೆ ಬರೆದು ಕಳಿಸಿದೆ. ಒಂದು ತಿಂಗಳ ಬಳಿಕ ಸುಂಕ ರದ್ದಾದ ಆದೇಶ ಬಂತು.

ಅವರು ಕೌಂಟರಿನ ಮೇಲೆಯೇ ಪೆಟ್ಟಿಗೆ ಬಿಚ್ಚಿ, ಹಾಳೆ ಸಿಕ್ಕಿಸಿ, ಟಕಟಕ ಒತ್ತಿದರು. ಉಬ್ಬಿದ ಚುಕ್ಕೆಗಳ ಮೇಲೆ ನನ್ನ ಬೆರಳಿಟ್ಟು ಗಟ್ಟಿಯಾಗಿ ನಕ್ಕರು.

"ಇದು ನಿಮ್ಮ ಹೆಸರ್ರಿ. ನಾಳೆ ನಮ್ಮ ಹುಡುಗ್ರು ಓದ್ತಾರ."