ಅಕ್ಕನಿಗೆ ಕಾಣದ ಚಿತ್ರ

ಸಕ್ಕರೆ ಕಾಯಿಲೆಯಿಂದ ಅಕ್ಕನ ಎರಡೂ ಕಣ್ಣು ಹೋದ ವರ್ಷ ನಾನು ಕುಷ್ಟಗಿಯ ಶಾಲೆಯೊಂದರಲ್ಲಿ ಸಂಗೀತ ಶಿಕ್ಷಕನಾಗಿದ್ದೆ. ಅಕ್ಕ ಯಲಬುರ್ಗಾದಲ್ಲಿ ಚಿತ್ರಕಲೆ ಕಲಿಸುತ್ತಿದ್ದವಳು. ಹುಲಿಗಿಯ ಹತ್ತಿರ ಮೂವರು ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ಹೊಳೆ ದಾಟುವ, ತಾನೇ ಬರೆದ ಚಿತ್ರವೆಂದರೆ ಅವಳಿಗೆ ಜೀವ.

"ಇನ್ನ ಅದು ನನಗ ಕಾಣಂಗಿಲ್ಲೋ ತಮ್ಮಾ. ನೀನರ ಅದನ್ನ ನುಡಿಸಿ ಕೇಳಿಸು," ಎಂದಳು.

ಐದು ನಿಮಿಷದ ವಾದ್ಯವೃಂದದ ರಚನೆ, ಅಷ್ಟೆ. ಆದರೆ ತಿಂಗಳುಗಟ್ಟಲೆ ಬರೆದದ್ದನ್ನೆಲ್ಲ ಹರಿದು ಹಾಕಿದೆ. ಪಿಟೀಲು, ಕೊಳಲು, ತಬಲಾ, ಜೊತೆಗೆ ತಾವರಗೇರಾದ ಮದುವೆ ಬ್ಯಾಂಡಿನ ಇಬ್ಬರು ಕ್ಲಾರಿನೆಟ್‌ನವರು. ಏನು ನುಡಿಸಿದರೂ ಮೆರವಣಿಗೆಯಂತೆ ಕೇಳುತ್ತಿತ್ತು. ಅಕ್ಕ ದಿನದಿಂದ ದಿನಕ್ಕೆ ಮಾತು ಬಿಡುತ್ತಿದ್ದಳು.

ಕೊನೆಗೆ ಎಲ್ಲರನ್ನೂ ಅವಳ ಪಡಸಾಲೆಯಲ್ಲಿ ಕೂರಿಸಿ ನುಡಿಸಿದೆವು. ಅಕ್ಕ ಗೋಡೆಗೆ ಒರಗಿ ಕೇಳಿದಳು.

"ನೀರು ಬಂತು. ಹೆಣ್ಮಕ್ಕಳು ಬರ್ಲಿಲ್ಲ."

"ಅವರು ಹ್ಯಾಂಗಿದ್ರು ಹೇಳಕ್ಕಾ."

"ಮುಂದಿನಾಕಿ ಕೆಂಪು ಸೀರಿ. ನಡುವಿನಾಕಿ ಹಳದಿ. ಹಿಂದಿನಾಕಿ..." ಅಲ್ಲಿಗೆ ನಿಂತಳು. "ನಾನ ಬರದದ್ದು, ಮರತ ಹೋಗೈತಲ್ಲೋ!"

ನಾನು ಕ್ಲಾರಿನೆಟ್‌ನವರಲ್ಲಿ ಹಿರಿಯರಿಗೆ, ನೀವೇ ನುಡಿಸಿ ಎಂದು ಸನ್ನೆ ಮಾಡಿದೆ. ಅವರು ನಾನು ಬರೆದುಕೊಟ್ಟದ್ದನ್ನು ಬದಿಗಿಟ್ಟು, ನೀರಿನೊಳಗೆ ಹೆಜ್ಜೆ ತಡಕುವವರಂತೆ ಮೆಲ್ಲಗೆ ನುಡಿಸಿದರು. ಅಕ್ಕ ತಲೆಯೆತ್ತಿದಳು.

"ಹಿಂದಿನಾಕಿ ಬಂದ್ಳು! ಹಸಿರು ಸೀರಿ. ಹೌದಲ್ಲ?"

ಚಿತ್ರ ಅವಳ ತಲೆಯ ಮೇಲೆ ಗೋಡೆಯಲ್ಲೇ ಇತ್ತು. ಆ ಸೀರೆ ಅಚ್ಚ ನೀಲಿ.

"ಹೌದಕ್ಕಾ, ಹಸಿರು," ಎಂದೆ.

"ಮತ್ತೊಮ್ಮೆ ನುಡಸ್ರಿ," ಎಂದು ಅವಳು ಕೇಳಿದಳು. ಕೈಸನ್ನೆ ಮಾಡಿ ಶುರುಮಾಡಿಸಿದೆ.