ಗುಡ್ಡದ ಗಡಿಯಾರದ ಮುನಿಸು

ಇಪ್ಪತ್ತೆರಡು ವರ್ಷ ಕಾಲಮಾಪನ ಕಚೇರಿಯಲ್ಲಿ ದುಡಿದ ಆಕೆಯನ್ನು ಎಲ್ಲರೂ ಗಡಿಯಾರದಕ್ಕ ಎಂದೇ ಕರೆಯುತ್ತಿದ್ದರು. ಅವಳ ವಶದಲ್ಲಿ ಎರಡು ಪರಮಾಣು ಗಡಿಯಾರಗಳಿದ್ದವು. ಒಂದು ಕಚೇರಿಯ ನೆಲಮಾಳಿಗೆಯಲ್ಲಿ, ಇನ್ನೊಂದು ಊರಾಚೆಯ ಗುಡ್ಡದ ನೆತ್ತಿಯಲ್ಲಿ. ಮೇಲೇರಿದಷ್ಟೂ ಕಾಲ ತುಸು ಬೇಗ ಸರಿಯುತ್ತದೆ. ಹಾಗಾಗಿ ಗುಡ್ಡದ್ದು ಯಾವಾಗಲೂ ಕೆಳಗಿನದಕ್ಕಿಂತ ಗೊತ್ತಾದ ಒಂದು ಕೂದಲೆಳೆಯಷ್ಟು ವೇಗವಾಗಿ ಓಡಬೇಕು. ಪ್ರತಿ ಸೋಮವಾರ ಬೆಳಿಗ್ಗೆ ನೆಲಮಾಳಿಗೆಯಲ್ಲೇ ಕೂತು ತಂತಿಯ ಮೂಲಕ ಎರಡನ್ನೂ ಹೋಲಿಸುವುದು ಅವಳ ಕೆಲಸ. ಲೆಕ್ಕ ತಪ್ಪಿದರೆ ಗಡಿಯಾರ ಮುನಿಸಿಕೊಂಡಿದೆ ಎನ್ನುತ್ತಿದ್ದರು ಅವಳ ಗುರುಗಳು. ಗುಂಡಿ ತಿರುಗಿಸಿ ಅದನ್ನು ರಮಿಸಲು ಕಲಿಸಿದವರೂ ಅವರೇ.

ಹನ್ನೊಂದು ವಾರ ಗುಡ್ಡದ ಗಡಿಯಾರ ಮುನಿಸಿಕೊಂಡೇ ಇತ್ತು. ಪ್ರತಿ ವಾರ ಅದರ ವೇಗ ಇನ್ನಿಷ್ಟು ತಗ್ಗುತ್ತಿತ್ತು. ಪ್ರತಿ ವಾರ ಅವಳು ರಮಿಸಿದಳು. ಕಡೆಗೆ ಬೇಸತ್ತು ಹೊಸ ಗಡಿಯಾರ ಕೂರಿಸಿದಳು. ಅದೂ ಹಿಂದೆ ಬಿತ್ತು. ಎಷ್ಟು? ಹನ್ನೊಂದು ವಾರಗಳ ತಿದ್ದುಪಡಿಯನ್ನೆಲ್ಲ ಕೂಡಿಸಿದರೆ ಎಷ್ಟೋ ಅಷ್ಟೇ.

ನಿಧಾನವಾಗಿದ್ದು ಗಡಿಯಾರವಲ್ಲ, ಅದು ಕುಳಿತ ಜಾಗದ ಕಾಲ. ಗುಡ್ಡ ಒಂದು ಗೇಣು ಕುಸಿದಿತ್ತು. ಗಡಿಯಾರ ಅದನ್ನು ಹೇಳುತ್ತಲೇ ಇತ್ತು, ಅವಳು ತಿದ್ದಿ ತಿದ್ದಿ ಬಾಯಿ ಮುಚ್ಚಿಸಿದ್ದಳು. ಅದೇ ಗುಡ್ಡದ ಇಳಿಜಾರಿನಲ್ಲಿ ಅವಳ ತಂಗಿಯ ಮನೆ.

ಅವಳು ಸರ್ವೆ ಕಚೇರಿಗೆ ಧಾವಿಸಿದಳು. ಅಲ್ಲಿನ ಅಧಿಕಾರಿ ಗುಡ್ಡದ ನಕ್ಷೆ ಬಿಡಿಸಿ ತೋರಿಸಿದರು. ಎತ್ತರದ ಒಂದು ಅಂಕಿಯೂ ಬದಲಾಗಿರಲಿಲ್ಲ. ಅಳತೆ ಶುರುವಾಗುವ ಮೂಲಗಲ್ಲು ಎಲ್ಲಿದೆ ಎಂದು ಅವಳು ಕೇಳಿದಳು. ಗುಡ್ಡದ ಮೇಲೇ, ಎಂದರು ಅವರು.

“ಕಲ್ಲೂ ಗುಡ್ಡದ ಜೊತೇನೇ ಇಳಿದ್ರೆ ಅಂಕಿ ಹೇಗೆ ಬದಲಾಗುತ್ತೆ ಸಾರ್? ಅಂಕಿ ನಾವಿಟ್ಟ ಹೆಸರು. ಗಡಿಯಾರಕ್ಕೆ ಹೆಸರು ಗೊತ್ತಿಲ್ಲ, ತಾನಿರೋ ಜಾಗ ಗೊತ್ತು.”

ಪತ್ರ ಬರೆದುಕೊಟ್ಟರೆ ಮೇಲಿನವರಿಗೆ ಕಳಿಸುವುದಾಗಿ ಹೇಳಿ ಅವರು ನಕ್ಷೆ ಸುತ್ತಿದರು. ಪತ್ರ ಕೊಟ್ಟು ಹೊರಬಂದವಳೇ ತಂಗಿಗೆ ಫೋನ್ ಮಾಡಿದಳು.

ತಂಗಿ ನಕ್ಕಳು. “ನಿನ್ನ ಗಡಿಯಾರ ಸೋಮಾರಿ ಆದ್ರೆ ನಾನ್ಯಾಕೆ ಮನೆ ಬಿಡ್ಬೇಕಕ್ಕಾ?”

“ಬಾಗಿಲುಗಳೆಲ್ಲ ಸರಿಯಾಗಿ ಹಾಕೋಕೆ ಬರುತ್ತಾ?”

ಆ ಕಡೆ ನಗು ನಿಂತಿತು. “ಹಿತ್ತಲ ಬಾಗಿಲು ಮೂರು ವಾರದಿಂದ ಚೌಕಟ್ಟಿಗೆ ಕೂರ್ತಿಲ್ಲ. ನಾಳೆ ಬಡಗಿ ಬರ್ತಾನೆ.”

“ಬರಬೇಡ ಅನ್ನು. ಮಕ್ಕಳನ್ನ ಕರ್ಕೊಂಡು ಈಗ್ಲೇ ಹೊರಡು. ಬಾಗಿಲು ತೆರೆದೇ ಇರ್ಲಿ.”

ಮಧ್ಯಾಹ್ನದೊಳಗೆ ತಂಗಿ, ಮಕ್ಕಳು ಅಕ್ಕನ ಮನೆ ಸೇರಿದರು. ಅಕ್ಕಪಕ್ಕದವರಿಗೂ ಹೇಳಿದ್ದಳಂತೆ, ನಿಮ್ಮಕ್ಕನಿಗೆ ರಜೆ ಬೇಕಾಗಿದೆ ಎಂದು ಅವರು ತಮಾಷೆ ಮಾಡಿದ್ದರು.

ಗಡಿಯಾರದಕ್ಕ ನೆಲಮಾಳಿಗೆಗೆ ಮರಳಿ ನೋಡಿದಳು. ಬೆಳಗಿನಿಂದ ಈವರೆಗೆ ಮೇಲಿನ ಗಡಿಯಾರದ ವೇಗ ಒಂದು ವಾರದಲ್ಲಿ ತಗ್ಗುವುದಕ್ಕಿಂತ ಹೆಚ್ಚು ತಗ್ಗಿತ್ತು. ಅಭ್ಯಾಸಬಲದಿಂದ ಕೈ ಗುಂಡಿಯತ್ತ ಹೋಯಿತು. ಹಿಂದಕ್ಕೆ ಎಳೆದುಕೊಂಡಳು. ಇಳಿಜಾರಿನಲ್ಲಿ ಇನ್ನೂ ಹನ್ನೆರಡು ಮನೆಗಳಿದ್ದವು. ಗಡಿಯಾರವನ್ನು ಅದರ ಪಾಡಿಗೆ ಬಿಟ್ಟು, ಚಪ್ಪಲಿ ಮೆಟ್ಟಿ ಗುಡ್ಡದ ಕಡೆ ನಡೆದಳು.